ಹೆಸರು ಹೇಳದ ಸಾಕ್ಷಿ

ಸೆಲ್ವರಾಣಿ ಅಕ್ಕನಿಗೆ ಕನ್ನಡ ಬರುವುದಿಲ್ಲ ಎಂದು ನಾನು ನಾಲ್ಕು ವರ್ಷ ನಂಬಿದ್ದೆ. ನನ್ನ ಬೆಳಗಿನ ಪ್ರಾರ್ಥನೆ ನಿಂತಿದ್ದದ್ದು ಆ ನಂಬಿಕೆಯ ಮೇಲೆ.

ಚೆನ್ನೈನ ಕ್ರೋಂಪೇಟೆ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ನಮ್ಮ ಅಪಾರ್ಟ್‌ಮೆಂಟು. ನಾವು ಎರಡನೆಯ ಮಹಡಿಯಲ್ಲಿ, ಅಕ್ಕ ಕೆಳಗೆ. ನನ್ನ ಗಂಡ ಉದಯ್ ವಿಮಾ ಕಂಪನಿಯಲ್ಲಿದ್ದಾರೆ. ಅವರಿಗೆ ತುಮಕೂರಿನಿಂದ ನುಂಗಂಬಾಕ್ಕಂ ಆಫೀಸಿಗೆ ವರ್ಗವಾದಾಗ ನಮ್ಮ ಒಬ್ಬಳೇ ಮಗಳು ನೇಹಾ ಪಿಯುಸಿ ಮುಗಿಸಿದ್ದಳು. ತುಮಕೂರಿನ ತವರುಮನೆಯಲ್ಲಿ ಬೆಳಗಿನ ವೇದಪಾಠ, ಅಂದರೆ ಬೈಬಲಿನ ಒಂದು ಅಧ್ಯಾಯ, ಓದದೆ ಯಾರಿಗೂ ಕಾಫಿ ಸಿಗುತ್ತಿರಲಿಲ್ಲ. ನಮ್ಮ ತಂದೆ ಜೋರಾಗಿ ಪ್ರಾರ್ಥಿಸುತ್ತಿದ್ದರು, ನಾವೂ ಹಾಗೆಯೇ ಕಲಿತೆವು. ಬಾಯಿಂದ ಹೊರಗೆ ಬಾರದ ಪ್ರಾರ್ಥನೆ ಅರ್ಧ ಬೆಂದ ಅನ್ನದ ಹಾಗೆ ಎಂಬುದು ಅವರ ಮಾತು.

ಚೆನ್ನೈಗೆ ಬಂದ ಮೇಲೆ ಎಲ್ಲವೂ ತಮಿಳು. ಮನೆಯ ಹತ್ತಿರದ ಚರ್ಚಿನ ಸಭೆಯೂ ತಮಿಳಿನದೇ. ಮುನ್ನೂರು ಜನರಲ್ಲಿ ಕನ್ನಡದವರು ನಾವೊಬ್ಬರೇ. ವರ್ಷದೊಳಗೆ ತರಕಾರಿಯವಳ ಹತ್ತಿರ ಚೌಕಾಸಿ ಮಾಡುವಷ್ಟು ತಮಿಳು ಬಂತು. ಆದರೆ ಕಣ್ಣು ಮುಚ್ಚಿ, ಕರ್ತನೇ ಎನ್ನುವ ಬದಲು ‘ಆಂಡವರೇ’ ಎಂದರೆ ಮುಂದಕ್ಕೆ ಏನೂ ಹೊಳೆಯುತ್ತಿರಲಿಲ್ಲ. ಬೇರೆಯವರ ಮನೆಯ ಫೋನಿನಲ್ಲಿ ಮಾತಾಡಿದ ಹಾಗೆ, ಬೇಗ ಮುಗಿಸಿ ಇಟ್ಟುಬಿಡಬೇಕು ಅನ್ನಿಸುತ್ತಿತ್ತು. ಐದು ವರ್ಷ ಹಾಗೇ ಕಳೆಯಿತು.

ಒಂದು ಸಲ ಹೆಂಗಸರ ಕೂಟದಲ್ಲಿ ನಾನು ತಡವರಿಸಿದ್ದನ್ನು ಸೆಲ್ವರಾಣಿ ಅಕ್ಕ ನೋಡಿದರು. ಅವರಿಗೆ ಆಗ ಐವತ್ತೆಂಟಿರಬೇಕು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು, ಮದುವೆಯಾಗದೆ ಒಬ್ಬರೇ ಇದ್ದವರು. ಮನೆಗೆ ಬರುವಾಗ ದಾರಿಯಲ್ಲಿ ನನ್ನ ಕೈ ಹಿಡಿದುಕೊಂಡರು.

“ನೀ ಕನ್ನಡತ್ತಿಲೇಯೇ ಜೆಬಂ ಪಣ್ಣು ಮಾ. ಆಂಡವರುಕ್ಕು ಎಲ್ಲಾ ಭಾಷೆಯುಂ ತೆರಿಯುಂ. ಎನಕ್ಕುದಾನ್ ತೆರಿಯಾದು!”

ಕನ್ನಡದಲ್ಲೇ ಪ್ರಾರ್ಥಿಸು, ದೇವರಿಗೆ ಎಲ್ಲ ಭಾಷೆಯೂ ಬರುತ್ತದೆ, ಬಾರದಿರುವುದು ನನಗೆ ಮಾತ್ರ ಎಂದು ನಕ್ಕರು. ನನಗೂ ನಗು ಬಂತು. ಮಾರನೆಯ ದಿನ ಬೆಳಿಗ್ಗೆ ಐದಕ್ಕೆ ಅವರ ಮುಂದಿನ ಕೋಣೆಯಲ್ಲಿ ಶುರುಮಾಡಿದೆವು. ಒಂದು ಅಧ್ಯಾಯವನ್ನು ಅವರು ತಮಿಳಿನಲ್ಲಿ ಓದುವುದು, ಅದನ್ನೇ ನಾನು ಕನ್ನಡದಲ್ಲಿ ಓದುವುದು. ಆಮೇಲೆ ಅವರ ಪ್ರಾರ್ಥನೆ, ನನ್ನ ಪ್ರಾರ್ಥನೆ, ಆಮೆನ್, ಒಂದೊಂದು ಲೋಟ ಶುಂಠಿ ಕಾಫಿ.

“ಪಾಪ ಆ ದೇವರು. ನೀವಿಬ್ರೂ ಸೇರಿ ಅವನಿಗೂ ಅಲಾರಂ ಇಟ್ಬಿಟ್ರಿ,” ಎಂದು ಉದಯ್ ಕಂಬಳಿಯೊಳಗಿಂದಲೇ ಹಾಸ್ಯ ಮಾಡುತ್ತಿದ್ದರು.

ಮೊದಲ ತಿಂಗಳೆಲ್ಲ ನಿದ್ದೆಗಣ್ಣು, ಆಕಳಿಕೆ. ಬರಬರುತ್ತಾ ಬೇರೆಯಾಯಿತು. ದಿನವೂ ಅದೇ ಹೊತ್ತಿಗೆ ಅದೇ ಚಾಪೆಯ ಮೇಲೆ ಕುಳಿತರೆ ಮನಸ್ಸು ತಾನಾಗಿ ತಲೆ ಬಾಗಿಸುತ್ತದೆ, ಯಾರೂ ಹೇಳಬೇಕಾಗಿಲ್ಲ. ಎರಡನೆಯ ವರ್ಷದ ಹೊತ್ತಿಗೆ ನಾನು ಮೆಟ್ಟಿಲಿಳಿಯುವಾಗಲೇ ಪ್ರಾರ್ಥನೆ ಶುರುವಾಗಿರುತ್ತಿತ್ತು. ಹಗಲಿನಲ್ಲಿ ಸಿಟ್ಟು ಬಂದರೆ, ಇದನ್ನು ನಾಳೆ ಐದು ಗಂಟೆಗೆ ಹೇಳಿದರಾಯಿತು ಎಂದು ತಡೆದುಕೊಳ್ಳುವುದು ಅಭ್ಯಾಸವಾಯಿತು. ಅಷ್ಟರಮಟ್ಟಿಗೆ ನಾನು ಒಳ್ಳೆಯವಳೂ ಆದೆ ಅನ್ನಿಸುತ್ತದೆ. ಇದನ್ನು ಸುಳ್ಳು ಎಂದು ಈಗಲೂ ಹೇಳಲಾರೆ.

ಹೋದ ಸೆಪ್ಟೆಂಬರಿನಲ್ಲಿ ನೇಹಾ ಕಾಲೇಜಿನಿಂದ ಮಧ್ಯಾಹ್ನವೇ ಮನೆಗೆ ಬಂದಳು. ಅವಳು ಎಂಜಿನಿಯರಿಂಗ್ ಹುಡುಗರಿಗೆ ಗಣಿತ ಪಾಠ ಮಾಡುತ್ತಾಳೆ, ಇಪ್ಪತ್ತಾರು ವರ್ಷ. ತಲೆನೋವು ಎಂದು ಮಲಗಿದವಳು ಮೂರು ದಿನ ಏಳಲಿಲ್ಲ. ನಾಲ್ಕನೆಯ ದಿನ, ನಾನು ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದಾಗ, ಬೆನ್ನು ನನ್ನ ಕಡೆ ಇದ್ದುದರಿಂದಲೋ ಏನೋ, ಬಾಯಿಬಿಟ್ಟಳು.

“ಅಮ್ಮಾ, ಬೋರ್ಡ್ ಮುಂದೆ ನಿಂತಿದ್ದೆ. ಏನ್ ಹೇಳ್ಬೇಕೂಂತ ಮರ್ತೋಗಿರ್ಲಿಲ್ಲ. ಯಾಕೆ ಹೇಳ್ಬೇಕೂಂತ ಮರ್ತೋಯ್ತು. ಹುಡುಗ್ರೆಲ್ಲ ನೋಡ್ತಾ ಇದ್ರು. ಹತ್ತು ನಿಮಿಷ ಹಾಗೇ ನಿಂತಿದ್ದೆ.”

ಅವಳೇ ಹುಡುಕಿಕೊಂಡಿದ್ದ ಮನೋವೈದ್ಯರೊಬ್ಬರು ವಡಪಳನಿಯಲ್ಲಿದ್ದರು. ನಾನು ಜೊತೆಗೆ ಹೋದೆ. ಖಿನ್ನತೆ ಎಂದರು, ಮಾತ್ರೆ ಬರೆದರು, ಹದಿನೈದು ದಿನಕ್ಕೊಮ್ಮೆ ಬರಲು ಹೇಳಿದರು. ಬರುವಾಗ ಬಸ್ಸಿನಲ್ಲಿ ನೇಹಾ, “ಯಾರ್ಗೂ ಹೇಳ್ಬಾರ್ದು. ಅಪ್ಪನಿಗೂ,” ಎಂದಳು.

“ಅಪ್ಪನಿಗೆ ಯಾಕೆ ಬೇಡ?”

“ಅಪ್ಪ ನನ್ನ ನೋಡಿ ಜೋಕ್ ಮಾಡೋದು ನಿಲ್ಲಿಸ್ಬಿಡ್ತಾರೆ. ಆಗ ನಂಗೆ ನಿಜವಾಗ್ಲೂ ಏನೋ ಆಗಿದೆ ಅಂತ ಆಗುತ್ತೆ. ಪ್ರಾಮಿಸ್ ಮಾಡಮ್ಮ.”

ಮಾಡಿದೆ. ಥೈರಾಯ್ಡ್ ಎಂದು ಉದಯ್‌ಗೆ ಹೇಳಿದೆವು, ಕಾಲೇಜಿಗೂ ಅದನ್ನೇ ಬರೆದುಕೊಟ್ಟಳು. ಮಾರನೆಯ ಬೆಳಿಗ್ಗೆ ಐದಕ್ಕೆ ಕೆಳಗಿಳಿದು, ಚಾಪೆಯ ಮೇಲೆ ಮಂಡಿಯೂರಿ, ನಾನು ಎಲ್ಲವನ್ನೂ ಕರ್ತನಿಗೆ ಹೇಳಿದೆ. ಜೋರಾಗಿ, ಕನ್ನಡದಲ್ಲಿ, ಅಳುತ್ತ. ಸೆಲ್ವರಾಣಿ ಅಕ್ಕ ಪಕ್ಕದಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರು. ನಾನು ಮುಗಿಸಿದಾಗ ಆಮೆನ್ ಅಂದರು, ಏನೂ ಕೇಳಲಿಲ್ಲ. ಕಾಫಿಗೆ ಒಂದು ಚಮಚ ಸಕ್ಕರೆ ಹೆಚ್ಚು ಹಾಕಿದ್ದರು.

ಐದು ತಿಂಗಳು. ಆ ತಿಂಗಳುಗಳನ್ನು ನಾನು ದಾಟಿದ್ದು ಆ ಅರ್ಧ ಗಂಟೆಯಿಂದ. ನೇಹಾ ಊಟ ಬಿಟ್ಟ ದಿನ, ನೇಹಾ ಹೊಸ ಮಾತ್ರೆಯಿಂದ ಹದಿನೆಂಟು ಗಂಟೆ ಮಲಗಿದ ದಿನ, ಯಾಕಮ್ಮ ಬೆಳಗಾಗುತ್ತೆ ಎಂದು ಕೇಳಿದ ದಿನ, ಎಲ್ಲವೂ ಮಾರನೆಯ ಬೆಳಿಗ್ಗೆ ಆ ಚಾಪೆಯ ಮೇಲೆ ಬೀಳುತ್ತಿದ್ದವು. ಮೇಲೆ ಬರುವಾಗ ನನ್ನ ಮುಖ ತೊಳೆದ ಹಾಗಿರುತ್ತಿತ್ತು.

ಜನವರಿಯಲ್ಲಿ ನೇಹಾ ಎರಡನೆಯ ಸಲ ಸಾರು ಕೇಳಿ ಹಾಕಿಸಿಕೊಂಡಳು. ತಿಂಗಳ ಕೊನೆಯಲ್ಲಿ ತಾನಾಗಿಯೇ ಒಂದು ಚೂಡಿದಾರ್ ಇಸ್ತ್ರಿ ಮಾಡಿ ಬಾಗಿಲ ಮೇಲೆ ನೇತುಹಾಕಿದಳು.

“ಈ ಸಂಡೇ ನಾನೂ ಚರ್ಚ್‌ಗೆ ಬರ್ತೀನಿ. ಸುಮ್ನೆ ಕೂತ್ಕೊಂಡು ಬರ್ತೀನಿ, ಯಾರಾದ್ರೂ ಕೇಳಿದ್ರೆ ಥೈರಾಯ್ಡ್ ಅಂತೀನಿ.”

“ಥೈರಾಯ್ಡು ಬಂದ್ಮೇಲೆ ನಮ್ಮ ಹುಡುಗಿ ಸ್ವಲ್ಪ ದಪ್ಪ ಆಗಿದ್ದಾಳೆ, ನೋಡೋ ಹಾಗಾಗಿದ್ದಾಳೆ,” ಎಂದರು ಉದಯ್. ನೇಹಾ ದಿಂಬು ಎಸೆದಳು. ದಿಂಬು ಎಸೆದಳಲ್ಲ ಎಂದು ನಾನು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡೆ.

ಅದು ಫೆಬ್ರವರಿಯ ಮೊದಲ ಭಾನುವಾರ. ತಿಂಗಳ ಮೊದಲ ಭಾನುವಾರ ನಮ್ಮ ಸಭೆಯಲ್ಲಿ ಸಾಕ್ಷಿ ಹೇಳುತ್ತಾರೆ. ದೇವರು ತಮಗೆ ಮಾಡಿದ್ದನ್ನು ಯಾರು ಬೇಕಾದರೂ ಮೈಕಿನ ಮುಂದೆ ನಿಂತು ಹೇಳಬಹುದು. ಮನೆ ಕೊಂಡವರು, ಆಪರೇಷನ್ ಆದವರು, ಮಗನಿಗೆ ಸೀಟು ಸಿಕ್ಕವರು. ನಾನೂ ನೇಹಾಳೂ ಹೆಂಗಸರ ಕಡೆ ಐದನೆಯ ಬೆಂಚಿನಲ್ಲಿ, ಉದಯ್ ಆ ಕಡೆ ಗಂಡಸರ ಸಾಲಿನಲ್ಲಿ. ಮೂರನೆಯವರಾಗಿ ಸೆಲ್ವರಾಣಿ ಅಕ್ಕ ಎದ್ದರು. ನಮ್ಮ ಬೆಂಚು ದಾಟುವಾಗ ನೇಹಾಳ ಕೆನ್ನೆ ಸವರಿ ಹೋದರು.

ಅವರು ತಮಿಳಿನಲ್ಲಿ ನಿಧಾನವಾಗಿ ಶುರುಮಾಡಿದರು. ಐದು ತಿಂಗಳ ಹಿಂದೆ ದೇವರು ನನ್ನ ಮೇಲೆ ಒಂದು ಭಾರ ಇಟ್ಟ. ದಿನವೂ ಬೆಳಿಗ್ಗೆ ಅದನ್ನು ಹೊತ್ತೆ. ಯಾರ ಭಾರ ಎಂದು ಕೇಳಬೇಡಿ.

“ಪೇರು ಸೊಲ್ಲ ಮಾಟ್ಟೇನ್.” ಹೆಸರು ಹೇಳುವುದಿಲ್ಲ. “ನಮ್ಮ ಸಬೈಲ ಒರು ಕನ್ನಡ ಕುಡುಂಬಂ.”

ನಮ್ಮ ಸಭೆಯ ಒಂದು ಕನ್ನಡ ಕುಟುಂಬ.

ನನಗೆ ಮೊದಲು ಅರ್ಥವಾದದ್ದು ಮುಂದಿನ ಬೆಂಚಿನ ಹೆಂಗಸು ತಿರುಗಿದ್ದರಿಂದ. ಆಮೇಲೆ ಅವಳ ಪಕ್ಕದವಳು. ಅಕ್ಕ ಹೇಳುತ್ತಲೇ ಇದ್ದರು. ಓದಿದ ಹುಡುಗಿ, ಪಾಠ ಮಾಡುತ್ತಿದ್ದವಳು, ಪಾಠದ ನಡುವೆ ಮಾತು ನಿಂತುಹೋಯಿತು. ಮನಸ್ಸಿನ ಕಾಯಿಲೆ. ಮಾತ್ರೆ ನುಂಗಿದರೆ ಮಾತ್ರ ನಿದ್ದೆ. ಹೆತ್ತ ತಂದೆಗೂ ಹೇಳಲಾಗದೆ ಆ ತಾಯಿ ಒಬ್ಬಳೇ ಕಣ್ಣೀರಿಟ್ಟಳು. ಇವತ್ತು ನೋಡಿ, ಅದೇ ಮಗು ಈ ಆಲಯದಲ್ಲಿ ಕುಳಿತಿದೆ!

“ಅಲ್ಲೇಲೂಯಾ!” ಎಂದಿತು ಸಭೆ. ಕೈ ತಟ್ಟಿದರು.

ಮಗಳು, ಮನಸ್ಸು, ಮಾತ್ರೆ. ನಾನು ಕನ್ನಡದಲ್ಲಿ ಬೀಗ ಹಾಕಿಟ್ಟಿದ್ದೇನೆ ಎಂದುಕೊಂಡಿದ್ದ ಮೂರು ಮಾತುಗಳು. ಮೂರೂ ತಮಿಳಿನಲ್ಲಿ ಹೆಚ್ಚು ಕಡಿಮೆ ಹಾಗೇ ಇವೆ ಎಂಬುದು ಒಂಬತ್ತು ವರ್ಷ ಈ ಊರಿನಲ್ಲಿ ಬದುಕಿದ ನನಗೆ ಆ ಕ್ಷಣದಲ್ಲಿ ಹೊಳೆಯಿತು.

ನೇಹಾ ಎದ್ದು ಹೋಗಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕುಳಿತಳು. ಮುಂದಿನ ಗೀತೆಯನ್ನು ಪುಸ್ತಕ ನೋಡಿ ಪೂರ್ತಿ ಹಾಡಿದಳು. ನಾನು ಕೈ ಹಿಡಿಯಲು ಹೋದರೆ ಮೆಲ್ಲಗೆ ಬಿಡಿಸಿಕೊಂಡು ಪುಟ ತಿರುಗಿಸಿದಳು. ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ಮುದುಕಿಯೊಬ್ಬಳು ಅವಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದಳು. ಇನ್ನೊಬ್ಬಳು, “ಮಾತ್ರೆಯೆಲ್ಲ ಯಾಕ್ ಮಾ? ವಿಶ್ವಾಸ ಇಟ್ಟು ಬಿಟ್ಟುಬಿಡು,” ಎಂದು ತಮಿಳಿನಲ್ಲಿ ಹೇಳಿ ಬೆನ್ನು ತಟ್ಟಿದಳು. ನೇಹಾ ಎಲ್ಲರಿಗೂ ಥ್ಯಾಂಕ್ಸ್ ಆಂಟಿ, ಥ್ಯಾಂಕ್ಸ್ ಆಂಟಿ ಅನ್ನುತ್ತಾ ಹೋದಳು.

ಮನೆಗೆ ಬಂದು ಉದಯ್ ಚಪ್ಪಲಿ ಬಿಡದೆಯೇ ಕುರ್ಚಿಯ ಮೇಲೆ ಕುಳಿತರು.

“ಥೈರಾಯ್ಡು,” ಎಂದರು.

“ರೀ, ಅವಳೇ ಬೇಡ ಅಂದಿದ್ಲು…”

“ಅವಳು ಮಗು. ಯಾರಿಗೂ ಬೇಡ ಅಂದಿರ್ತಾಳೆ. ನಾನೂ ‘ಯಾರೋ’ನಾ ನಿನಗೆ? ಮುನ್ನೂರು ಜನದ ಜೊತೆ ಕೂತ್ಕೊಂಡು ಕೇಳ್ಬೇಕಿತ್ತಾ ನಾನು? ಚಪ್ಪಾಳೆ ಬೇರೆ ತಟ್ಟಿದೆ ಸುಗುಣಾ. ನಮ್ಮನೆ ಮಾತು ಅಂತ ತಲೆಗೆ ಹತ್ತೋಕೆ ಮುಂಚೆ ನಾನೂ ಚಪ್ಪಾಳೆ ತಟ್ಟಿದೆ.”

ನೇಹಾ ನೀರು ಕುಡಿದು ಲೋಟ ತೊಳೆದಿಟ್ಟು ಬಂದಳು. “ಅಮ್ಮಾ, ಹೇಳಿದ್ಯಾ?”

“ದೇವರಿಗೆ ಮಾತ್ರ ಹೇಳ್ದೆ ಕಣೇ.”

“ಜೋರಾಗಿ ಹೇಳಿದ್ಯಾ?”

ಅವಳು ಫ್ರಿಜ್ಜಿನ ಮೇಲಿದ್ದ ಮಾತ್ರೆಯ ಡಬ್ಬಿಯನ್ನು ಎತ್ತಿಕೊಂಡಳು. ಐದು ತಿಂಗಳು ರಾತ್ರಿ ಊಟವಾದ ಮೇಲೆ ನಾನೇ ಅದರಿಂದ ಒಂದು ಮಾತ್ರೆ ತೆಗೆದು ಅವಳ ಅಂಗೈಗೆ ಹಾಕುತ್ತಿದ್ದೆ. “ಇದು ಇನ್ಮೇಲೆ ನನ್ನ ಹತ್ರ ಇರ್ಲಿ,” ಎಂದು ಕೋಣೆಗೆ ಹೋದಳು.

ನಾಲ್ಕು ಗಂಟೆಗೆ ನಾನು ಕೆಳಗಿಳಿದೆ. ಬೆಳಗಿನ ಹೊತ್ತಲ್ಲದೆ ಆ ಬಾಗಿಲು ತಟ್ಟಿದ್ದು ಅಪರೂಪ. ಸೆಲ್ವರಾಣಿ ಅಕ್ಕ ಸೀರೆ ಬದಲಿಸಿ, ಕನ್ನಡಕ ಹಾಕಿಕೊಂಡು, ಸಂತೋಷವಾಗಿದ್ದರು. ನಾನು ಕೃತಜ್ಞತೆ ಹೇಳಲು ಬಂದಿದ್ದೇನೆ ಎಂದುಕೊಂಡರೆಂದು ಕಾಣುತ್ತದೆ, ಎರಡು ಕೈಯನ್ನೂ ಚಾಚಿದರು.

“ಅಕ್ಕಾ, ನಿಮಗೆ ಕನ್ನಡ ಬರುತ್ತಾ?” ಎಂದು ನಾನು ಕನ್ನಡದಲ್ಲೇ ಕೇಳಿದೆ.

ಅವರು ಕೈ ಕೆಳಗಿಳಿಸಿದರು. ಆಮೇಲೆ ಮೊದಲ ಸಲ ನನ್ನ ಭಾಷೆಯಲ್ಲಿ ಮಾತಾಡಿದರು.

“ಬರುತ್ತದೆ, ಸುಗುಣಾ. ನೀನೇ ನನಗೆ ಕಲಿಸಿಕೊಟ್ಟೆ. ನಾಲ್ಕು ವರುಷ ಪ್ರತಿದಿನವೂ ಕೇಳಿದ್ದೇನೆ. ನಿನ್ನ ಬಾರ ನನ್ನ ಬಾರ.”

ಭಾರ ಬಾರವಾಗಿತ್ತು, ವರ್ಷ ವರುಷವಾಗಿತ್ತು. ಆದರೆ ಅದು ನನ್ನ ಕನ್ನಡವೇ. ಮನುಷ್ಯರ ಹತ್ತಿರ ಯಾರೂ ಹಾಗೆ ಮಾತಾಡುವುದಿಲ್ಲ. ನಾನು ಮಂಡಿಯೂರಿದಾಗ ಮಾತ್ರ ಆಡುತ್ತಿದ್ದ ಮಾತುಗಳು, ನನ್ನ ತಂದೆಯಿಂದ ನನಗೆ ಬಂದವು, ಅವರ ಬಾಯಿಂದ ನನಗೇ ತಿರುಗಿ ಬರುತ್ತಿದ್ದವು. ಯಾರೋ ನನ್ನ ಒಳಗಿನ ಬಟ್ಟೆ ತೊಟ್ಟುಕೊಂಡು ಎದುರಿಗೆ ನಿಂತ ಹಾಗಿತ್ತು.

“ಅರ್ಥ ಆಗುತ್ತೆ ಅಂತ ಒಂದಿನ ಹೇಳ್ಬಹುದಿತ್ತಲ್ಲ?”

“ಹೇಳಿದ್ದರೆ ನೀನು ನಿಲ್ಲಿಸಿಬಿಡುತ್ತಿದ್ದೆ,” ಎಂದವರು ತಮಿಳಿಗೆ ಹೊರಳಿದರು. ಅಲ್ಲಿಂದ ಮುಂದೆ ಅವರದು ತಮಿಳು, ನನ್ನದು ಕನ್ನಡ, ಪ್ರಾರ್ಥನೆಯ ಹೊತ್ತಿನ ಹಾಗೆಯೇ. ಮೂವತ್ತು ವರ್ಷ ಎಕ್ಸ್‌ಚೇಂಜಿನಲ್ಲಿ ಸಾವಿರ ಜನರ ಮಾತು ನನ್ನ ಕಿವಿಯಲ್ಲಿ ಹೋಗಿದೆ, ಒಂದನ್ನೂ ಆಚೆ ಬಿಟ್ಟವಳಲ್ಲ ಎಂದರು.

“ಮತ್ತೆ ಇದನ್ನ ಯಾಕೆ ಬಿಟ್ರಿ?”

“ಅದು ಜನರ ಮಾತು ಮಾ. ಇದು ದೇವರು ಮಾಡಿದ ಕೆಲಸ. ಅದನ್ನ ಮುಚ್ಚಿಟ್ರೆ ಪಾಪ. ಹೆಸರು ಹೇಳಲಿಲ್ಲವಲ್ಲ ನಾನು?”

“ನಮ್ಮ ಸಭೇಲಿ ಕನ್ನಡದವರ ಮನೆ ಎಷ್ಟಿದೆ ಅಕ್ಕಾ?”

ಅವರ ತುಟಿ ಅಲುಗಿತು. ನಿಜವಾಗಿಯೂ ಎಣಿಸಿದರು. ಎಣಿಕೆ ಒಂದಕ್ಕೇ ನಿಂತಾಗ ಅವರ ಮುಖ ಇಳಿದದ್ದನ್ನು ನೋಡಿದೆ. ಇದನ್ನು ಅವರು ಯೋಚಿಸಿಯೇ ಇರಲಿಲ್ಲ. ನಿಧಾನವಾಗಿ ಕುಳಿತರು. ಇಲ್ಲಿಗೆ ಮುಗಿದಿದ್ದರೆ ನಾನು ಗೆದ್ದವಳ ಹಾಗೆ ಮೆಟ್ಟಿಲು ಹತ್ತುತ್ತಿದ್ದೆ. ಆದರೆ ಅವರು ತಲೆಯೆತ್ತಿ ಕೇಳಿದರು.

“ನೀನು ನನಗೇ ಹೇಳ್ತಿದ್ದೀಯ ಅಂದುಕೊಂಡೆ ಸುಗುಣಾ. ವಡಪಳನಿಯಲ್ಲಿ, ಮುರುಗನ ಕೋವಿಲ್ ಹಿಂದಿನ ಬೀದಿ, ಔಷಧಿ ಅಂಗಡಿ ಮೇಲೆ ಮೊದಲನೇ ಮಹಡಿ, ಅಂತ ನೀನು ಪ್ರಾರ್ಥನೆಯಲ್ಲಿ ಹೇಳಿದೆ. ದೇವರಿಗೆ ವಿಳಾಸ ಯಾಕೆ?”

ಹೌದು, ಹೇಳಿದ್ದೆ. ಮಾತ್ರೆಯ ಬಣ್ಣವನ್ನೂ ಹೇಳಿದ್ದೆ. ನನ್ನ ನಾದಿನಿ ಫೋನಿನಲ್ಲಿ ಚುಚ್ಚಿದ್ದನ್ನು, ಅವಳು ಯಾರು, ಯಾವ ಊರಿನವಳು ಎಂಬ ವಿವರಣೆಯೊಡನೆ ಹೇಳಿದ್ದೆ. ಎಲ್ಲ ಬಲ್ಲವನ ಮುಂದೆ ಯಾರಾದರೂ ಹಾಗೆ ಬಿಡಿಸಿ ಬಿಡಿಸಿ ಹೇಳುತ್ತಾರೆಯೇ?

ಇನ್ನೊಂದು ನೆನಪೂ ಬಂತು. ನೇಹಾ ಎರಡನೆಯ ಸಲ ಸಾರು ಹಾಕಿಸಿಕೊಂಡ ಮಾರನೆಯ ಬೆಳಿಗ್ಗೆ ನಾನದನ್ನು ಹೇಳಿ ಮುಗಿಸುವ ಮೊದಲೇ ಪಕ್ಕದಿಂದ “ಸ್ತೋತ್ರಂ” ಎಂದು ಕೇಳಿತ್ತು, ಸರಿಯಾಗಿ ಆ ಮಾತಿಗೇ. ನಾನು ಕಣ್ಣು ತೆರೆಯಲಿಲ್ಲ. ತೆರೆದು ನೋಡಿದ್ದರೆ ತಿಳಿಯುತ್ತಿತ್ತು. ತಿಳಿಯುವುದು ನನಗೆ ಬೇಕಿರಲಿಲ್ಲ.

ಮೇಲೆ ಬಂದು, ನೇಹಾಳ ಕೋಣೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ಹೇಳಿದೆ. ಅಕ್ಕನ ಮೇಲೆ ಹಾಕಿ ಸುಮ್ಮನಿರಬಹುದಿತ್ತು. ಆದರೆ ಅವಳು ಕೇಳಿದ್ದು ಅಕ್ಕನನ್ನಲ್ಲ, ನನ್ನನ್ನು.

“ಅವರಿಗೆ ಅರ್ಥ ಆಗುತ್ತೆ ಅಂತ ಗೊತ್ತಿತ್ತಾ ನಿಂಗೆ?” ಮಂಚದ ಮೇಲೆ ಮೊಣಕಾಲು ಅಪ್ಪಿಕೊಂಡು ಕುಳಿತಿದ್ದಳು.

“ಗೊತ್ತಿಲ್ಲ ಅಂತ ನನಗೆ ನಾನೇ ಹೇಳ್ಕೊಳ್ತಿದ್ದೆ.”

“ಹಾಗಂದ್ರೆ ನೀನು ಪ್ರೇ ಮಾಡ್ತಿರ್ಲಿಲ್ಲ. ಪೇಸಿಕಿಟ್ಟಿರುಂದೆ.” ಸಿಟ್ಟು ಬಂದರೆ ಅವಳಿಗೆ ತಮಿಳು ನುಗ್ಗುತ್ತದೆ. ಪ್ರಾರ್ಥನೆಯಲ್ಲ, ಮಾತಾಡಿಕೊಂಡಿದ್ದೆ ಎಂದಳು.

“ಪ್ರಾರ್ಥನೇನೂ ಮಾಡ್ದೆ ನೇಹಾ. ಎರಡೂ ಸೇರ್ಕೊಂಡಿತ್ತು. ನನಗೂ ಒಬ್ರು ಬೇಕಿತ್ತು.”

“ನಂಗೂ ಬೇಕಿತ್ತಲ್ಲಮ್ಮ. ನಾನು ಒಬ್ಬರ ಹತ್ರ ಹೇಳ್ದೆ. ಒಬ್ಬರ ಹತ್ರ ಮಾತ್ರ.” ಅಳಲಿಲ್ಲ ಅವಳು. “ಅವರು ನಿಂಗೆ ಮೋಸ ಮಾಡಿದ್ರು ಅಂತ ನಿಂಗೆ ಬೇಜಾರು. ಸರಿ. ನಾನ್ ಯಾರ ಹತ್ರ ಹೋಗಿ ಜಗಳ ಆಡ್ಲಿ, ಕೆಳಗೆ ಹೋಗ್ಲಾ?”

“ನನ್ನ ಹತ್ರ ಆಡು.”

“ಇವತ್ತು ಶಕ್ತಿ ಇಲ್ಲ,” ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಸೋಮವಾರ ಬೆಳಿಗ್ಗೆ ಐದಕ್ಕೆ ಕಣ್ಣು ತಾನಾಗಿ ಬಿಟ್ಟಿತು. ಕಾಲು ಕೂಡ ಮೆಟ್ಟಿಲಿನವರೆಗೆ ಹೋಯಿತು. ಕೆಳಗಿನ ಮನೆಯ ದೀಪ ಹತ್ತಿತ್ತು, ಬಾಗಿಲು ಓರೆ ಮಾಡಿತ್ತು, ಶುಂಠಿಯ ವಾಸನೆ ಮೇಲಿನವರೆಗೆ ಬರುತ್ತಿತ್ತು. ಅವರು ಕಾಯುತ್ತಿದ್ದರು. ನಾನು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕುಳಿತು ವಾಪಸು ಬಂದೆ. ಅವರ ಮೇಲೆ ದ್ವೇಷ ಬರಲಿ ಎಂದು ಕಾದೆ, ಪೂರ್ತಿಯಾಗಿ ಬರಲಿಲ್ಲ. ಆದರೆ ಆ ಚಾಪೆಯ ಮೇಲೆ ಇನ್ನೊಮ್ಮೆ ಕಣ್ಣು ಮುಚ್ಚುವುದು ನನ್ನಿಂದ ಸಾಧ್ಯವಿರಲಿಲ್ಲ.

ಬುಧವಾರ ವಡಪಳನಿಗೆ ಹೋಗುವ ದಿನ. ನಾನು ಸೀರೆ ಉಟ್ಟು ಬಂದಾಗ ಉದಯ್ ರಜೆ ಹಾಕಿ ಶೂ ಕಟ್ಟಿಕೊಳ್ಳುತ್ತಿದ್ದರು.

“ಅಪ್ಪ ಬರ್ತಾರೆ,” ಎಂದಳು ನೇಹಾ. “ನೀನಿರು.”

ಮೂರು ದಿನದಿಂದ ಉದಯ್ ಒಂದು ಹಾಸ್ಯವನ್ನೂ ಮಾಡಿರಲಿಲ್ಲ. ಬಾಗಿಲಲ್ಲಿ ಮಗಳ ಬ್ಯಾಗು ತೆಗೆದುಕೊಳ್ಳಲು ಕೈ ಚಾಚಿದರು, ಅವಳು ಕೊಡಲಿಲ್ಲ. ಇಬ್ಬರೂ ಇಳಿದು ಹೋದರು.

ಮನೆಯಲ್ಲಿ ನಾನೊಬ್ಬಳೇ. ಹತ್ತೂವರೆಯ ಬಿಸಿಲು ಒಳಗೆ ಬಂದಿತ್ತು. ಮುಂದಿನ ಕೋಣೆಯ ನೆಲದ ಮೇಲೆ ಮಂಡಿಯೂರಿದೆ. ಯಾರೂ ಕೇಳುವವರಿಲ್ಲ, ಈಗಲಾದರೂ ಸರಿಯಾಗಿ ಹೇಳೋಣ ಎಂದು ಬಾಯಿ ತೆರೆದೆ. ಕರ್ತನೇ, ಎಂದೆ. ನೇಹಾ ಇವತ್ತು ಅಪ್ಪನ ಜೊತೆ ಡಾಕ್ಟರ ಹತ್ತಿರ ಹೋಗಿದ್ದಾಳೆ, ಎಂದೆ. ಖಾಲಿ ಮನೆಯಲ್ಲಿ ಅದು ಯಾರಿಗೋ ವರದಿ ಒಪ್ಪಿಸಿದ ಹಾಗೆ ಕೇಳಿತು. ಪಕ್ಕದಲ್ಲಿ ಉಸಿರಾಡುವವರಿಲ್ಲದೆ ನಾನು ಈ ನಾಲ್ಕು ವರ್ಷದಲ್ಲಿ ಒಂದು ಸಲವೂ ಬಾಯಿಬಿಟ್ಟು ಪ್ರಾರ್ಥಿಸಿರಲಿಲ್ಲ. ದೇವರೊಬ್ಬನ ಹತ್ತಿರ ಮಾತ್ರ ಹೇಗೆ ಮಾತಾಡಬೇಕು ಎಂಬುದೇ ನನಗೆ ತಿಳಿದಿಲ್ಲ ಎಂದು ಗೊತ್ತಾಯಿತು. ಐವತ್ತನಾಲ್ಕು ವರ್ಷದ ಹೆಂಗಸು, ಹುಟ್ಟಿದಾಗಿನಿಂದ ಸಭೆಯಲ್ಲಿ ಬೆಳೆದವಳು. ಬಾಯಿ ಮುಚ್ಚಿಕೊಂಡೆ. ಮಂಡಿ ನೋಯುವವರೆಗೆ ಸುಮ್ಮನೆ ಇದ್ದೆ. ಅದು ಪ್ರಾರ್ಥನೆಯೋ ಅಲ್ಲವೋ ಹೇಳಲಾರೆ. ಆಮೆನ್ ಎನ್ನಲು ನಾಚಿಕೆಯಾಗಿ ಹಾಗೇ ಎದ್ದೆ.

ಅವರು ಬಂದಾಗ ಒಂದೂವರೆ. ಉದಯ್ ನೇರವಾಗಿ ಕೈ ತೊಳೆಯಲು ಹೋದರು. ನೇಹಾಳ ಕಣ್ಣು ಊದಿತ್ತು. ದಾರಿಯಲ್ಲಿ ಅತ್ತಿದ್ದಳೋ, ಡಾಕ್ಟರ ಮುಂದೆಯೋ, ಅಪ್ಪನ ಹತ್ತಿರವೋ. ಮಾತ್ರೆ ಬದಲಾಯಿಸಿದರೋ, ಜೂನಿನಲ್ಲಿ ಕಾಲೇಜಿಗೆ ಹೋಗುತ್ತಾಳೋ, ಭಾನುವಾರದ ವಿಷಯ ಹೇಳಿದಳೋ. ಎಲ್ಲ ಪ್ರಶ್ನೆಗಳೂ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು. ನಾನು ತಟ್ಟೆ ಹಾಕಿದೆ, ಅನ್ನ ಬಡಿಸಿದೆ.

ನೇಹಾ ನನ್ನ ಮುಖವನ್ನೇ ನೋಡುತ್ತಿದ್ದಳು.

“ಏನಾಯ್ತು ಅಂತ ಕೇಳಲ್ವಾ?”

“ಇಲ್ಲ.”

“ಒಳ್ಳೇದು,” ಎಂದಳು. ತಟ್ಟೆಯನ್ನು ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಉದಯ್‌ಗೆ ಮಜ್ಜಿಗೆ ಹಾಕಿದೆ. ಅವರನ್ನೂ ಕೇಳಲಿಲ್ಲ.